ಹಳೇ ಬಜಾರಿನ ಚಾಳೀಸು

ಅವರ ಹಣೆಯ ಮೇಲೆ ಯಾವಾಗಲೂ ಮೂರು ನಾಲ್ಕು ಕನ್ನಡಕ ಏರಿ ಕೂತಿರುತ್ತಿದ್ದವು. ಮೂಗಿನ ಮೇಲೆ ಒಂದೂ ಇರುತ್ತಿರಲಿಲ್ಲ. ಸಂತೆ ಸಂತೆ ತಿರುಗಿ ಹಳೆಯ ಕನ್ನಡಕ ಮಾರುವುದು ಅವರ ಕಸುಬು. ನಮ್ಮ ಕಡೆ ಕನ್ನಡಕಕ್ಕೆ ಚಾಳೀಸು ಎನ್ನುತ್ತೇವೆ, ಹಾಗಾಗಿ ಗಜೇಂದ್ರಗಡದ ನಮ್ಮ ನೇಕಾರ ಓಣಿಗೆಲ್ಲ ಅವರು ಚಾಳೀಸಿನ ಕಾಕಾ. ಬಂಧು ಬಳಗ ಏನಲ್ಲ, ಎದುರುಮನೆಯವರು. ಅವರ ನಾಲಿಗೆಗೆ ಹೆದರಿ ತವರಿಗೆ ಹೋದ ಹೆಂಡತಿ ತಿರುಗಿ ಬರಲೇ ಇಲ್ಲವೆಂದು ಹೆಂಗಸರು ಆಡಿಕೊಳ್ಳುತ್ತಿದ್ದರು. ನಾನು ಅದನ್ನು ನಂಬುತ್ತೇನೆ.

ಬಂದವರ ಕೈಗೆ ಸೂಜಿ ದಾರ ಕೊಟ್ಟು ಪೋಣಿಸಲು ಹೇಳುವುದು ಅವರ ಪರೀಕ್ಷೆ. ಸುತ್ತ ನಾಲ್ಕು ಜನ ಕೂಡುವವರೆಗೆ ಸರಿಯಾದ ಚಾಳೀಸನ್ನು ಕೊಡುತ್ತಲೇ ಇರಲಿಲ್ಲ. ಒಮ್ಮೆ ರೋಣದ ಸಂತೆಯಲ್ಲಿ ಅಬ್ಬಿಗೇರಿಯ ಮುದುಕನೊಬ್ಬ ಸೂಜಿ ಹಿಡಿದು ಬೆವರುತ್ತಿದ್ದ. "ಯಜಮಾನ್ರ, ಸೂಜಿ ಬಿಡ್ರಿ. ಮಗ್ಗಲಕ್ಕ ನಿಂತಾಕಿ ನಿಮ್ಮ ಹೆಂಡ್ತಿ ಹೌದೋ ಅಲ್ಲೋ, ಅಷ್ಟ ನೋಡಿ ಹೇಳ್ರಿ" ಎಂದರು ಕಾಕಾ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮುದುಕನ ಕಣ್ಣಲ್ಲಿ ನೀರು ಬಂತು. ಆಮೇಲೆ ಕೊಟ್ಟ ಚಾಳೀಸು ಮಾತ್ರ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು.

ಕೊಳ್ಳುವವರೆಲ್ಲ ಕೇಳುತ್ತಿದ್ದ ಪ್ರಶ್ನೆ ಒಂದೇ: "ಸತ್ತವರದಲ್ಲ ಹೌದಲ್ರಿ?" ಸತ್ತವರು ಮೈಗೆ ತಾಗಿಸಿಕೊಂಡದ್ದನ್ನು ನಮ್ಮ ಕಡೆ ಹೊಸ್ತಿಲ ಒಳಗೆ ಸೇರಿಸುವುದಿಲ್ಲ, ಹಾಸಿಗೆ, ಚಪ್ಪಲಿ ಎಲ್ಲ ಊರ ಹೊರಗೆ ಹೋಗುತ್ತವೆ. ಕಾಕಾ ಎದೆ ಮುಟ್ಟಿಕೊಂಡು ಹೇಳುತ್ತಿದ್ದರು, "ಎಲ್ಲಾರೂ ಗುಂಡುಕಲ್ಲಿನಂಗ ಅದಾರ. ದೊಡ್ಡ ಊರಾಗ ಮಂದಿ ವರ್ಷಕ್ಕೊಂದು ಚಾಳೀಸ ಬದಲಿ ಮಾಡ್ತಾರ."

ನಮ್ಮವ್ವ ಎಳೆ ಹಚ್ಚುವವಳು. ಮಗ್ಗದಲ್ಲಿ ಒಂದು ಹಾಸು ಮುಗಿದಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಎಳೆಯನ್ನು ಹೊಸೆದು ಕೂಡಿಸುವ ಕೆಲಸ ಅದು. ಓಣಿಯ ಮಗ್ಗಗಳೆಲ್ಲ ಅವ್ವನ ಕೈಗಾಗಿ ಕಾಯುತ್ತಿದ್ದವು. ಅವಳಿಗೆ ಅದರದೊಂದು ಗತ್ತೂ ಇತ್ತು. ನಲವತ್ತು ದಾಟಿದ ಮೇಲೆ ಎಳೆಗಳು ಮಂಜಾಗತೊಡಗಿದವು. ಹುಬ್ಬಳ್ಳಿಯ ದವಾಖಾನೆಗೆ ಹೋದರೆ ಕಣ್ಣು ಕೊಯ್ಯುತ್ತಾರೆಂದು ಅವಳಿಗೆ ಭಯ. ಕಾಕಾ ಒಂದು ದಾರದ ತುದಿಯನ್ನು ಅವಳ ಕಣ್ಣಿನ ಬಳಿ ಹಿಡಿದು, ಎಳೆ ಸ್ಪಷ್ಟ ಕಾಣುವ ದೂರಕ್ಕೆ ಗಂಟು ಹಾಕಿಕೊಂಡರು. "ಈ ನಂಬರ ನನ್ನ ಕಡೆ ಇಲ್ಲ ತಂಗೀ. ಪುಣೇಕ ಹೋಗಬೇಕು. ಈ ನಿನ್ನ ಮಗನ್ನ ಕಳಸು, ಗಂಟ ಹೊರಾಕ ಒಂದು ಕತ್ತೆ ಬೇಕಾಗೈತಿ" ಎಂದರು. ನನಗಾಗ ಹತ್ತೊಂಬತ್ತು.

ನಾವಿನ್ನೂ ಮುಂಬಯಿ ರಾಜ್ಯಕ್ಕೆ ಸೇರಿದ್ದ ಕಾಲ. ಪುಣೆಯ ಭಾನುವಾರದ ಹಳೇ ಬಜಾರು ನೋಡಿ ನಾನು ದಂಗಾದೆ. ದೇಶ ಬಿಟ್ಟುಹೋದ ಸಾಹೇಬರ ಬೂಟುಗಳು, ಗ್ರಾಮಾಫೋನು, ಗೋಡೆ ಗಡಿಯಾರ, ಕೊನೆಗೆ ಒಂದು ಹಲ್ಲಿನ ಸೆಟ್ಟು ಕೂಡ ಮಾರಾಟಕ್ಕಿತ್ತು. ಕಾಕಾ ಬಿಸಿ ಭಜಿ, ಖಾರದ ಮಿಸಳ ಕೊಡಿಸಿದರು. ನನಗೆ ಬಾಯಿ ಉರಿದು ಮೂಗು ಸೋರಿದ್ದಕ್ಕೆ ಅಂಗಡಿಯವನನ್ನು ಕರೆದು ತೋರಿಸಿ ನಕ್ಕರು. ಆಮೇಲೆ ದಾರ ಹಿಡಿದು, ಹಳೆಯ ಪೇಪರಿನ ಮೇಲೆ ಒಂದೊಂದೇ ಗಾಜು ಆಡಿಸುತ್ತ ಮಧ್ಯಾಹ್ನದವರೆಗೆ ಹುಡುಕಿದರು.

ಬಜಾರಿನ ಕೊನೆಗೆ ಒಬ್ಬ ಹೆಂಗಸು ಕೂತಿದ್ದಳು. ಮುಂದೆ ಒಂದು ಕೋಟು, ಒಂದು ಕೋಲು, ಒಂದು ಬೆಳ್ಳಿ ಬಣ್ಣದ ಚಾಳೀಸು. ಕಾಕಾ ಅದನ್ನು ಪೇಪರಿನ ಮೇಲೆ ಹಿಡಿದರು. ದಾರದ ಗಂಟಿಗೆ ಸರಿಯಾಗಿ ಅಕ್ಷರ ನಿಂತಿತು. ಅವರ ಮುಖದ ಮೇಲೆ ಏನೂ ಕಾಣಿಸಲಿಲ್ಲ.

"ಗಂಡಂದ?" ಎಂದು ಮರಾಠಿಯಲ್ಲಿ ಕೇಳಿದರು. ಅವಳು ತಲೆಯಾಡಿಸಿದಳು. "ಯಾವಾಗ ಹೋದರು?" ಹದಿನೈದು ದಿನವಾಯಿತಂತೆ. "ಸತ್ತವನ ಕಣ್ಣು ಯಾರು ಕೊಳ್ಳುತ್ತಾರಮ್ಮಾ?" ಎಂದು ಬಿಸಾಕಿದ ಹಾಗೆ ಕೆಳಗಿಟ್ಟು ಎದ್ದರು. ಅವಳೇ ಕೂಗಿ ಕರೆದಳು. ಕೇಳಿದಷ್ಟಕ್ಕೆ ಕೊಟ್ಟಳು, ಕೊಡುವ ಮುಂಚೆ ಗಾಜುಗಳನ್ನು ಸೆರಗಿನಿಂದ ಒರೆಸಿದಳು. ನಾನು ಪಕ್ಕದಲ್ಲೇ ನಿಂತಿದ್ದೆ.

ರೈಲಿನಲ್ಲಿ ಕಾಕಾ ಹೇಳಿದರು, "ನಿಮ್ಮವ್ವಗ ಹೇಳಬ್ಯಾಡ ತಮ್ಮಾ. ಆಕಿಗೆ ಎಳಿ ಕಾಣಬೇಕೋ ಬ್ಯಾಡೋ?" ಕಾಣಬೇಕು ಎಂದೆ.

ಅವ್ವನಿಗೆ ಎಳೆ ಕಂಡಿತು. ನನ್ನ ಗದ್ದದ ಮೇಲಿನ ಗಾಯದ ಕಲೆಯನ್ನೂ ಕಂಡು, ಯಾವಾಗ ಬಿದ್ದಿದ್ದೆ ಎಂದು ಕೇಳಿದಳು. ಎರಡು ವರ್ಷ ಓಣಿಯ ಹಾಸುಗಳೆಲ್ಲ ಅವಳ ಬೆರಳಲ್ಲೇ ಕೂಡಿದವು. ಹಬ್ಬಕ್ಕೆ ಹೋಳಿಗೆ ಮಾಡಿದರೆ ಮೊದಲ ಕರೆ ಕಾಕಾನಿಗೇ.

ಮಾನವಮಿಯ ದಿನ ನಮ್ಮಲ್ಲಿ ಮಗ್ಗಕ್ಕೆ, ಲಾಳಿಗೆ ಪೂಜೆ. ಎರಡನೆಯ ವರ್ಷ ಅವ್ವ ಲಾಳಿಯ ಪಕ್ಕಕ್ಕೆ ಚಾಳೀಸನ್ನೂ ಇಟ್ಟು, ಕುಂಕುಮ ಹಚ್ಚಿ, ಹೂ ಏರಿಸಿ ಕೈಮುಗಿದಳು. ಊಟಕ್ಕೆ ಕೂತಿದ್ದ ಕಾಕಾ ಅದನ್ನು ನೋಡಿದರು. ನಗೆ ಬಂದರೆ ತಡೆದುಕೊಳ್ಳುವ ಜೀವವಲ್ಲ ಅದು. ಹೊಟ್ಟೆ ಹಿಡಿದು ನಕ್ಕು, "ಅಯ್ಯ ತಂಗೀ, ಪುಣೇದ ಹೆಣಕ್ಕ ಕುಂಕುಮ ಹಚ್ಚೀಯಲ್ಲ!" ಎಂದುಬಿಟ್ಟರು.

ಎಲ್ಲರ ಕೈ ತಾಟಿನಲ್ಲೇ ನಿಂತಿತು. ಅವ್ವ ಕಾಕಾನನ್ನು ಕೇಳಲಿಲ್ಲ. ನನ್ನ ಕಡೆ ತಿರುಗಿದಳು.

"ನೀನೂ ಹೋಗಿದ್ದಿಯಲ್ಲೋ. ನಿನಗ ಗೊತ್ತಿತ್ತೇನು?"

ನನ್ನ ಬಾಯಿ ತುಂಬ ಹೋಳಿಗೆ. ಕಾಕಾ ನನ್ನನ್ನೊಮ್ಮೆ ನೋಡಿದರು. ನಗೆ ಇಳಿದಿತ್ತು.

"ಅವಗೇನ ಗೊತ್ತೈತಿ? ಭಜಿ ತಿನ್ನಾಕ ಕಳಿಸಿದ್ದೆ. ಅಂವ ಬರೂದ್ರಾಗ ಯಾಪಾರ ಮುಗಿದಿತ್ತು" ಎಂದು ಅರ್ಧ ಊಟದಲ್ಲೇ ಎದ್ದು ಹೋದರು.

ನಾನು ತಲೆ ತಗ್ಗಿಸಿ ಹೋಳಿಗೆ ನುಂಗಿದೆ. ಆ ಮನುಷ್ಯ ಜನ್ಮದಲ್ಲಿ ಯಾರನ್ನೂ ಉಳಿಸಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಕೇಳಿದ ಒಂದೇ ಸಲ, ಉಳಿಸಿದ್ದು ನನ್ನನ್ನು.

ಅವ್ವ ಚಾಳೀಸನ್ನು ಒಲೆಯ ಇಕ್ಕಳದಲ್ಲಿ ಎತ್ತಿ ಕಾಕಾನ ಕಟ್ಟೆಯ ಮೇಲೆ ಇಟ್ಟು ಬಂದಳು. ಸುದ್ದಿಗೆ ಕಾಲು ಬಂತು. ಪುರ್ತಗೇರಿ, ಲಕ್ಕಲಕಟ್ಟಿ ಊರುಗಳವರು ಬಂದು ತಮ್ಮ ತಮ್ಮ ಚಾಳೀಸು ಕಾಕಾನ ಬಾಗಿಲಿಗೆ ಎಸೆದು ಬೈದು ಹೋದರು. ಅವರು ಹೋಗುವಾಗ ಹಾದಿಯ ಕಲ್ಲು ಎಡವುತ್ತಿದ್ದರು, ಆದರೂ ಬೈಯುತ್ತಲೇ ಇದ್ದರು. ಅವ್ವ ಕೆಲವು ತಿಂಗಳು ತಡವಿ ತಡವಿ ಎಳೆ ಹಚ್ಚಿದಳು. ಹಾಸುಗಳು ಕೆಟ್ಟವು, ಕರೆಯುವವರು ನಿಂತರು. ಅಪ್ಪ ನಮ್ಮ ಮಗ್ಗಕ್ಕೇ ಬೇರೆ ಹೆಂಗಸನ್ನು ಕರೆಸಿದ ದಿನ ಅವ್ವ ಊಟ ಮಾಡಲಿಲ್ಲ. ಆಮೇಲೆ ಚಿಕ್ಕ ಮಕ್ಕಳು ಮಾಡುವ, ಲಾಳಿಯ ಕಂಡಿಕೆಗೆ ನೂಲು ಸುತ್ತುವ ಕೆಲಸಕ್ಕೆ ಕೂತಳು.

ಒಂದು ಸಂಜೆ ಕಾಕಾ ನನ್ನನ್ನು ಕರೆದು ಹುಬ್ಬಳ್ಳಿಯ ಅಂಗಡಿಯಿಂದ ತಂದ ಹೊಸ ಚಾಳೀಸು ಕೊಟ್ಟರು. "ನಾನ ತಂದೀನಿ ಅಂತ ಹೇಳು. ನನ್ನ ಹೆಸರು ಎತ್ತಬ್ಯಾಡ." ಅವ್ವ ಕೈಯಲ್ಲಿ ಹಿಡಿದು, "ಯಾರು ಕೊಟ್ಟರೋ?" ಎಂದಳು. ನನಗೆ ಆಗಲೇ ಸತ್ಯಹರಿಶ್ಚಂದ್ರನಾಗುವ ಹುಕಿ ಬರಬೇಕೆ? ಕಾಕಾ ಎಂದೆ. ಅವಳು ಅದನ್ನು ಅಂಗಳಕ್ಕೆ ಎಸೆದಳು. ಒಂದು ಸುಳ್ಳಿನಿಂದ ಅವಳ ಕಣ್ಣು ಉಳಿಯುತ್ತಿತ್ತು, ಅದನ್ನೂ ನಾನು ಆಡಲಿಲ್ಲ.

ಮರುವರ್ಷ ಸುಗ್ಗಿಯಲ್ಲಿ ಕಾಕಾ ತೀರಿಕೊಂಡರು. ಹೊರಲು ನಾಲ್ವರು ಬೇಕು, ಮೂವರು ಬಂದಿದ್ದರು. ನಾನು ಹೆಗಲಿಗೆ ಟವೆಲು ಹಾಕಿಕೊಂಡು ಹೊರಟೆ. ಹೊಸ್ತಿಲಲ್ಲಿ ಕೂತಿದ್ದ ಅವ್ವ ಹೆಜ್ಜೆ ಸಪ್ಪಳಕ್ಕೆ ಮುಖ ಎತ್ತಿದಳು.

"ಎಲ್ಲಿಗಪ್ಪಾ?"

"ಕಾಕಾನ ಮಣ್ಣಿಗವ್ವ."

"ಬ್ಯಾಡ. ನನ್ನ ಅಷ್ಟ ಅಲ್ಲ, ನಿನ್ನನ್ನೂ ಮೋಸ ಮಾಡಿದ ಮನಷಾ. ನಿನಗೇನು ಗೊತ್ತಿತ್ತು, ಪಾಪ!"

ಓಣಿಯವರು ಇನ್ನೊಬ್ಬ ಬರಲೆಂದು ಕಾಯುತ್ತಿದ್ದರು. ನಾನು ಟವೆಲನ್ನು ಗೂಟಕ್ಕೆ ಹಾಕಿ ಒಳಗೆ ಹೋಗಿ ಮಗ್ಗಕ್ಕೆ ಕೂತೆ.