ಅನ್ಸೆಲ್ಮನ ಸಾಲು

ನಮ್ಮ ಶಾವ್ರೋಲ್ ಊರಿನಲ್ಲಿ ಯಾರೂ ವಯಸ್ಸು ಮುಚ್ಚಿಡುವಂತಿಲ್ಲ. ಜನವರಿಯ ಕೊನೆಯ ಭಾನುವಾರ, ಆ ವರ್ಷ ಇಪ್ಪತ್ತು, ಮೂವತ್ತು, ನಲವತ್ತು ತುಂಬುವವರೆಲ್ಲ ವಯಸ್ಸಿಗೊಂದು ಸಾಲು ಕಟ್ಟಿ, ತೋಳಿಗೆ ತೋಳು ಹೆಣೆದು, ಮುಖ್ಯ ಬೀದಿಯ ಉದ್ದಕ್ಕೂ ಓಲಾಡುತ್ತ ಸಾಗುತ್ತಾರೆ. ಹಿಂದೆ ಚೀಟಿ ಎತ್ತಿಸಿ ಹುಡುಗರನ್ನು ಸೈನ್ಯಕ್ಕೆ ಒಯ್ಯುತ್ತಿದ್ದರಲ್ಲ, ಅವರು ಹೊರಡುವ ಮುನ್ನ ಕುಡಿದು ಕುಣಿಯುತ್ತಿದ್ದದ್ದೇ ಇದರ ಮೂಲ. ಚೀಟಿ ಹೋಯಿತು, ಕುಡಿತ ಉಳಿಯಿತು.

ವೈನಿನ ಪೀಪಾಯಿ ಮಾಡಿಕೊಂಡಿದ್ದ ಅನ್ಸೆಲ್ಮ್ ಬ್ರುಯಾ ಒಂದು ಸಲವೂ ತಪ್ಪಿಸಿದವನಲ್ಲ. ಮೂವತ್ತರಲ್ಲಿ ಕಾಲು ಮುರಿದುಕೊಂಡಿದ್ದಾಗ ಗೆಳೆಯರು ಅವನನ್ನು ಹೊತ್ತುಕೊಂಡೇ ನಡೆದರು. ಈ ವರ್ಷ ಅವನಿಗೆ ಎಂಬತ್ತು. ಆ ಗೆಳೆಯರಲ್ಲಿ ಒಬ್ಬರೂ ಉಳಿದಿಲ್ಲ. ಒಬ್ಬನಿಂದ ಸಾಲಾಗುವುದಿಲ್ಲ, ಅಂಥವರನ್ನು ಮೇಯರ್ ಕಾರಿನಲ್ಲಿ ಕೂರಿಸಿ, ಕಾಲಿಗೆ ಕಂಬಳಿ ಹೊದಿಸಿ ಕರೆದೊಯ್ಯುತ್ತಾರೆ.

"ಕಂಬಳಿ ಹೊದ್ಕೊಂಡು ಕೂರಕ್ಕೆ ನಾನೇನು ಬಾಣಂತಿನಾ?" ಎಂದು ಅವನು ನನ್ನ ಕೆಫೆಯಲ್ಲಿ ಕೂಗಾಡಿದ.

"ಕ್ಲೊತಿಲ್ಡ್‌ನ ಕೇಳು. ಅವಳೂ ನಿನ್ ವರ್ಷದವಳೇ ಅಲ್ವಾ?" ಎಂದೆ.

ಅವನ ಮುಖ ಸಪ್ಪಗಾಯಿತು. ಆಗೆಲ್ಲ ಸಾಲಿನಲ್ಲಿ ಗಂಡಸರಿಗಷ್ಟೇ ಜಾಗ. ಇಪ್ಪತ್ತರ ಹರೆಯದಲ್ಲಿ ಸಾಲಿಗೆ ಸೇರಲು ಓಡಿಬಂದ ಕ್ಲೊತಿಲ್ಡ್‌ಳನ್ನು, "ಹೋಗೇ, ಕಿಟಕಿಲಿ ನಿಂತು ನೋಡು" ಎಂದು ಎಲ್ಲರೆದುರು ಅಟ್ಟಿದವನು ಇವನೇ. ಮುಂದೆ ಹೆಂಗಸರನ್ನೂ ಸೇರಿಸಿಕೊಂಡರು. ಅವಳು ಮಾತ್ರ ಬರಲಿಲ್ಲ.

ಕೆಲವು ದಿನ ಬಿಗುಮಾನ ಮಾಡಿ, ಕೊನೆಗೆ ಧೈರ್ಯಕ್ಕೆಂದು ನನ್ನನ್ನೂ ಎಳೆದುಕೊಂಡು ಹೋಗಿ ಅವಳ ಬಾಗಿಲು ತಟ್ಟಿದ.

"ಏನಪ್ಪಾ, ಕಿಟಕಿ ಒರೆಸಕ್ಕೆ ಬಂದ್ಯಾ?" ಎಂದಳು ಕ್ಲೊತಿಲ್ಡ್.

"ಆವತ್ತು ನಂದು ತಪ್ಪಾಯ್ತು ಕಣೇ. ಈ ಸಲ ನನ್ ಜೊತೆ ನಡಿ."

"ಜೋರಾಗಿ ಹೇಳು, ನಂಗೆ ಕಿವಿ ಮಂದ."

ಅವಳ ಕಿವಿ ಬೆಕ್ಕಿಗಿಂತ ಚುರುಕು. ಆದರೂ ಪಾಪ, ಅವನು ಇಡೀ ಬೀದಿಗೆ ಕೇಳುವಂತೆ ತಪ್ಪಾಯ್ತೆಂದು ಕೂಗಿದ. ಎದುರು ಮನೆಯವರು ಹೊರಗೆ ಬಂದು ನಿಂತರು. ನನಗಂತೂ ನಗು ತಡೆಯಲಾಗಲಿಲ್ಲ.

"ಬರ್ತೀನಿ ಹೋಗು," ಎಂದಳು.

ಭಾನುವಾರ ಬ್ಯಾಂಡು ಶುರುವಾಯಿತು. ಎಲ್ಲರಿಗಿಂತ ಹಿಂದೆ, ಎಂಬತ್ತರ ಜಾಗದಲ್ಲಿ ಅನ್ಸೆಲ್ಮ್ ಎದೆಯುಬ್ಬಿಸಿ ಕಾಯುತ್ತಿದ್ದ. ಕ್ಲೊತಿಲ್ಡ್ ಬಂದವಳೇ ಅವನ ತೋಳು ಹಿಡಿದಳು. ನಿಲ್ಲಲಿಲ್ಲ. ಎಪ್ಪತ್ತು, ಅರವತ್ತು, ಐವತ್ತರ ಸಾಲುಗಳನ್ನು ದಾಟಿಸಿ ಅವನನ್ನು ಮುಂದೆ ಮುಂದೆ ಎಳೆದೊಯ್ದಳು.

"ಎಲ್ಲಿಗೇ? ನಮ್ದು ಹಿಂದಿನ್ ಸಾಲು!"

"ನಂಗಿನ್ನೂ ಇಪ್ಪತ್ತೇ ಆಗಿಲ್ಲ, ಎಂಬತ್ತಕ್ಕೆ ಹೆಂಗಯ್ಯಾ ಬರ್ಲಿ?"

ಎಲ್ಲರಿಗಿಂತ ಮುಂದಿದ್ದ ಇಪ್ಪತ್ತರ ಸಾಲಿನ ಹುಡುಗಿಯರು ಸರಿದು ಇಬ್ಬರಿಗೂ ಜಾಗ ಕೊಟ್ಟರು. ಅನ್ಸೆಲ್ಮ್ ಅವಳ ತೋಳಿಗೆ ತೋಳು ಹೆಣೆದು ಓಲಾಡುತ್ತ ನಡೆದ.