ಮಾತಾಡಿಸಲು ಹೋದವರು

ನನ್ನ ತಂಗಿಯ ಕೆಲಸ ಕಳೆದವರು ನಾವು, ನೆಂಟರು. ಮುಂದೆ ನಿಂತು ಕಳೆದವಳು ನಾನು.

ಅವಳು ಶಿರಸಿಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಹನ್ನೊಂದು ವರ್ಷ ಪಾಳಿಯ ಮೇಲೆ ಪಾಳಿ ದುಡಿದು, ಒಂದು ದಿನ ಸಿರಿಂಜ್ ಹಿಡಿದ ಕೈ ಮೇಲೇಳದೆ ವಾರ್ಡಿನಲ್ಲೇ ನಿಂತುಬಿಟ್ಟಳು. ಡಾಕ್ಟರು ಇಪ್ಪತ್ತು ದಿನ ರಜೆ ಬರೆದುಕೊಟ್ಟು, ಮಲಗು, ಯಾರ ಉಸಾಬರಿಯೂ ಬೇಡ, ಈಗ ಸುಧಾರಿಸಿಕೊಳ್ಳದಿದ್ದರೆ ಈ ಕೆಲಸ ಇನ್ನು ನಿನ್ನಿಂದಾಗದು ಎಂದರಂತೆ. ಬಾಡಿಗೆ ಮನೆಯಲ್ಲಿ ಅವಳೊಬ್ಬಳೇ.

ಒಬ್ಬಳೇ ಬಿದ್ದಿದ್ದಾಳಲ್ಲ ಎಂದು ಸಿದ್ದಾಪುರದಲ್ಲಿ ಕೂತ ನನಗೆ ಕರುಳು ಚುರ್ ಎಂದಿತು. ಮತ್ತಿಘಟ್ಟದ ಅತ್ತೆ, ಯಲ್ಲಾಪುರದ ಚಿಕ್ಕಮ್ಮ, ಯಾರನ್ನೂ ಬಿಡದೆ ಫೋನು ಹಚ್ಚಿದೆ. ದಿನಕ್ಕಿಬ್ಬರಾದರೂ ಹೋಗಿ ಮಾತಾಡಿಸಿ ಬನ್ನಿ ಎಂದೆ. ಹೋದರು ಮಾರಾಯ್ರೆ, ದಂಡುಕಟ್ಟಿಕೊಂಡು ಹೋದರು.

ನಮ್ಮಲ್ಲಿ ಮನೆಗೆ ಬಂದವರಿಗೆ ‘ಆಸ್ರಿಗೆ ಎಂತ?’ ಎಂದು ಕೇಳಿ, ಚಹವೋ ಕಷಾಯವೋ ಕೊಡದೆ ಕಳಿಸಿದರೆ ಮುಗಿಯಿತು, ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ತಂಗಿ ಎದ್ದು ಹಾಲು ಕಾಸಿದಳು, ಅವಲಕ್ಕಿ ಕಲಸಿದಳು, ಲೋಟ ತೊಳೆದಳು. ಬಂದವರು ಕಾಲು ನೀಡಿ ಕೂತು, ಅವಳ ವಯಸ್ಸಿನಲ್ಲಿ ತಾವೆಷ್ಟು ದುಡಿದಿದ್ದೆವು ಎಂಬ ವರದಿ ಒಪ್ಪಿಸಿದರು. ದಣಿವೆಲ್ಲ ಬರೀ ಭ್ರಮೆ ಎಂದು ಹೇಳಿ ಎರಡನೇ ಲೋಟ ಕೇಳಿದರು.

ಒಂಬತ್ತನೇ ದಿನ ಅವಳ ಫೋನು ಬಂತು.

“ಅಕ್ಕಾ, ನಾಲ್ಕು ದಿನ ಬಂದು ಉಳ್ಕತ್ಯ? ಬಂದವ್ಕೆ ಬಾಗ್ಲಲ್ಲೇ ಹೇಳಿ ಕಳ್ಸು. ಆನು ಮಲಗ್ತೆ.”

ನಾನು ಶಾಲೆಯಲ್ಲಿ ಟೀಚರ್. ಸುಳ್ಳೇಕೆ, ಆಗ ಬೇಸಿಗೆ ರಜೆ. ಆದರೆ ನಾನೇ ಕಳಿಸಿದ ನೆಂಟರನ್ನು ನಾನೇ ಬಾಗಿಲಿಂದ ಅಟ್ಟುವುದೇ? ನನ್ನ ಮುಖ ಎಲ್ಲಿಡಲಿ?

“ಬಂದವ್ಕೆ ಒಂದು ಲೋಟ ಚಾ ಕೊಡ್ಲೂ ಆಗ್ತಿಲ್ಯನೆ ನಿಂಗೆ?” ಎಂದೆ.

ಅವಳು ಫೋನಿಟ್ಟಳು. ಮರುದಿನವೇ ಉಳಿದ ರಜೆ ಬಿಟ್ಟು ಡ್ಯೂಟಿಗೆ ಹೋದಳು. ವಾರದೊಳಗೆ ಔಷಧಿ ಕೋಣೆಯ ನೆಲದ ಮೇಲೆ ಕುಸಿದು ಕೂತವಳನ್ನು ಇಬ್ಬರು ಎತ್ತಿ ಹೊರಗೆ ತರಬೇಕಾಯಿತು. ರಾಜೀನಾಮೆಯನ್ನೂ ಬೇರೆಯವರ ಕೈಲಿ ಬರೆಸಿದಳು. ಸಹಿ ಮಾತ್ರ ಅವಳದು.

ಒಂದು ದಿನವೂ ಅವಳನ್ನು ಒಂಟಿ ಬಿಡಲಿಲ್ಲ, ಆದರೂ ಹೀಗಾಯಿತಲ್ಲ ಎಂದು ನೆಂಟರು ಹಲುಬುತ್ತಾರೆ. ನಾನೂ ಹೂಂಗುಟ್ಟುತ್ತೇನೆ, ನಾಚಿಕೆಗೆಟ್ಟವಳು. ಕೆಲಸ ಬಿಟ್ಟು ಕೂತವಳ ಮನೆಗೆ ಈಗ ಯಾರೂ ಹೋಗುವುದಿಲ್ಲ. ಹಗಲಿಡೀ ಮಲಗಿಯೇ ಇರುತ್ತಾಳಂತೆ, ನಿದ್ದೆ ಮಾತ್ರ ಬರುವುದಿಲ್ಲವಂತೆ. ಪಕ್ಕದ ಮನೆಯವರು ಹೇಳಿದ್ದು. ನಾನು ಹೋಗಿ ನೋಡಿಲ್ಲ.