ಹಿಟ್ಟಿನಲ್ಲಿ ನಾಲ್ಕು ಬೆರಳು

ಸತ್ತವರು ಗುರುತು ಬಿಟ್ಟು ಹೋಗುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ಎದುರು ಮಾತಾಡದೆ ಎದ್ದು ಹೋಗುವವಳು. ನಂಬಿಕೆ ಇರಲಿಲ್ಲ. ಅದರಲ್ಲೂ ಹೆಜ್ಜೆ ಗುರುತೆಂದರೆ ಇನ್ನೂ ಇಲ್ಲ, ಯಾಕೆಂದರೆ ಅದನ್ನು ಹೇಗೆ ಮಾಡುತ್ತಾರೆಂದು ಕಣ್ಣಾರೆ ಕಂಡಿದ್ದೆ.

ನನ್ನ ಗಂಡ ಸಾಲಹಳ್ಳಿಯಲ್ಲಿ ಬಡಿಗತನ ಮಾಡುತ್ತಿದ್ದರು. ಕೆಲವು ವರ್ಷಗಳ ಹಿಂದೆ ಎಲ್ಲರ ಮೊಬೈಲಿಗೂ ಒಂದು ವಿಡಿಯೊ ಬಂತು. ಮಂಗನಂಥ ಮೈ, ಮನುಷ್ಯನಂಥ ನಡಿಗೆಯ ಏನೋ ಒಂದು ನಮ್ಮ ಗುಡ್ಡದಲ್ಲಿದೆಯಂತೆ. ನೋಡಿ ಇವರಿಗೆ ಹುಕಿ ಬಂತು. ಬೇವಿನ ಹಲಗೆಯಲ್ಲಿ ಮೊಳದುದ್ದದ ಎರಡು ಪಾದ ಕೆತ್ತಿದರು. ಒಂದರ ಹೆಬ್ಬೆರಳು ಉಳಿಯ ಏಟಿಗೆ ಹಾರಿಹೋಯಿತು. "ಇರಲಿ ಬಿಡು, ಗುಡ್ಡದಾಗ ಎಡವಿ ಬಿದ್ದೈತಿ ಪಾಪ," ಎಂದು ನಕ್ಕು, ಅವನ್ನು ಚಪ್ಪಲಿಗೆ ಕಟ್ಟಿಕೊಂಡು ಹಳ್ಳದ ಹಸಿ ಉಸುಕಿನಲ್ಲಿ ನಡೆದು ಬಂದರು.

ರಾಮದುರ್ಗದಿಂದ ಜನ ಬಂದರು. ಅಳತೆ ಮಾಡಿದರು, ಫೋಟೊ ತೆಗೆದರು, ಗುರುತಿನೊಳಗೆ ಪ್ಲಾಸ್ಟರ್ ಸುರಿದು ಅಚ್ಚು ಎತ್ತಿಕೊಂಡು ಹೋದರು. ನಾಲ್ಕು ಬೆರಳಿನ ಕಾಡಮನುಷ್ಯ ಎಂದು ಹೆಸರಾಯಿತು. ಅವರಿಗೆ ದಾರಿ ತೋರಿಸಿದವರೂ ನನ್ನ ಗಂಡನೇ. ಆದರೆ ಹೆಂಗಸರು ಕಳೆ ತೆಗೆಯಲು ಹೊಲಕ್ಕೆ ಹೋಗುವುದನ್ನೇ ಬಿಟ್ಟಾಗ, ಸ್ವಂತ ತಾಯಿಯೇ ಹೊಸ್ತಿಲು ದಾಟಲು ಅಂಜಿದಾಗ, ಅವರ ನಗು ನಿಂತಿತು. "ಸಾಕಿನ್ನ. ಒಲಿಗೆ ಹಾಕು ಅವನ್ನ," ಎಂದರು. ನೀರೊಲೆಗೆ ಹಾಕಿದೆ. ಬೂದಿಯಾಗುವವರೆಗೆ ಅಲ್ಲೇ ನಿಂತಿದ್ದೆ. ವಿಷಯ ನಮ್ಮಿಬ್ಬರಲ್ಲೇ ಉಳಿಯಿತು.

ಹೋದ ವರ್ಷ ಎದೆನೋವು ಎಂದ ಇವರು ಜೀವಂತ ದವಾಖಾನೆ ಮುಟ್ಟಲಿಲ್ಲ.

ನಮ್ಮಲ್ಲಿ ಸತ್ತವರ ದಿನ ಮಾಡುವ ಹಿಂದಿನ ಸಂಜೆ, ಹೋದವರು ಮಲಗುತ್ತಿದ್ದ ಜಾಗದಲ್ಲಿ ಜೋಳದ ಹಿಟ್ಟು ಸಾಣಿಸಿ ಹರಡಿ, ಮೇಲೆ ಬುಟ್ಟಿ ಬೋರಲು ಹಾಕಿ ದೀಪ ಇಡುತ್ತಾರೆ. ಬೆಳಿಗ್ಗೆ ಹಿಟ್ಟಿನಲ್ಲಿ ಯಾವುದರ ಹೆಜ್ಜೆ ಕಾಣುತ್ತದೋ ಆ ಜನ್ಮ ಸಿಕ್ಕಿತು ಎಂದು ಲೆಕ್ಕ. ಅತ್ತೆಯ ಮಾತಿಗೆ ನಾನೇ ಹಿಟ್ಟು ಸಾಣಿಸಿದೆ.

ಬೆಳಿಗ್ಗೆ ಬುಟ್ಟಿ ಎತ್ತಿದರೆ ನಟ್ಟನಡುವೆ ಒಂದೇ ಒಂದು ಹೆಜ್ಜೆ. ನನ್ನ ಹೆಬ್ಬೆಟ್ಟಿನಷ್ಟು. ಮನುಷ್ಯನ ಪಾದದ ಆಕಾರ, ನಾಲ್ಕು ಬೆರಳು, ಹೆಬ್ಬೆರಳಿನ ಜಾಗದಲ್ಲಿ ಮುರಿದಂಥ ಅಂಚು. ಬಂದ ಗುರುತಿಲ್ಲ, ಹೋದ ಗುರುತಿಲ್ಲ.

ಅತ್ತೆ ಹಿಂದೆ ಸರಿದು ಚೀರಿದರು. "ಅಯ್ಯ ನನ್ನವ್ವಾ, ಆ ಗುಡ್ಡದ್ದು! ಅದ ನನ್ನ ಮಗನ್ನ ಒಯ್ದೈತಿ!"

"ಇಲಿ ಅದು ಯವ್ವಾ, ಸುಮ್ನ ಕೂಡು," ಎಂದ ಮೈದುನ. ಅವರು ಕೇಳಲಿಲ್ಲ. ಮಗನಿಗೆ ಎಂಥ ಗತಿ ಬಂತೆಂದು ಎದೆ ಬಡಿದುಕೊಳ್ಳುತ್ತಿದ್ದರು. ನೋಡಲಾಗಲಿಲ್ಲ.

"ಅಂಜಬ್ಯಾಡ್ರಿ ಅತ್ತಿ. ಗುಡ್ಡದಾಗ ಏನೂ ಇಲ್ಲ. ಆ ಕಾಲು ಕೆತ್ತಿ ಹಳ್ಳದಾಗ ಅಡ್ಡಾಡಿದವರು ಇವರ, ನಿಮ್ಮ ಮಗ."

ಅತ್ತೆ ನನ್ನ ಮುಖ ನೋಡಿದರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು, ನಗುತ್ತಲೇ ಅತ್ತರು. "ಭಾಡ್ಯಾ! ಹಡದಾಕೀನ ಸೈತ ಅಂಜಿಸಿದ್ನಲ್ಲ! ಹಂಗಾರ ಇದು ಅವಂದ ಬಿಡು. ಬಂದು ಹೋಗ್ಯಾನ."

ಅಂದಿನಿಂದ ಅವರಿಗೆ ನಿದ್ದೆ ಹತ್ತುತ್ತದೆ. ನನಗೆ ಮಾತ್ರ ಏನೂ ತಿಳಿಯುತ್ತಿಲ್ಲ. ಇಲಿ ಎಂದುಕೊಂಡರೆ ಆ ಮುರಿದ ಅಂಚು ನೆನಪಾಗುತ್ತದೆ. ಇವರೇ ಎಂದುಕೊಂಡರೆ, ಒಂದು ಮಾತೂ ಹೇಳದೆ ಹೋದವರು ಚ್ಯಾಷ್ಟಿ ಮಾಡಲಷ್ಟೇ ಬಂದರೇ ಎಂದು ಸಿಟ್ಟು ಬರುತ್ತದೆ. ಸಿಟ್ಟಿನ ಹಿಂದೆಯೇ ಇನ್ನೊಮ್ಮೆ ಬರಲಿ ಎನಿಸುತ್ತದೆ.

ದಿನಾ ಬೆಳಿಗ್ಗೆ ನೀರೊಲೆಯ ಬೂದಿ ತೆಗೆಯುವವಳು ನಾನೇ. ತೆಗೆಯುವ ಮೊದಲು ಬಗ್ಗಿ ನೋಡುತ್ತೇನೆ.